ಜಕಣಾಚಾರಿಯ ನೆರಳಲ್ಲಿ ಮರೆಯಾದವರು

ರಜಾ ದಿನವಾದರೆ ಬೆಳಿಗ್ಗೆ ಹತ್ತಕ್ಕೆಲ್ಲ ಬೇಲೂರಿನ ದೇವಸ್ಥಾನದ ಮುಂದೆ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಚಪ್ಪಲಿ ಬಿಟ್ಟು, ಕಾದ ಚಪ್ಪಡಿಯ ಮೇಲೆ ಕುಪ್ಪಳಿಸುತ್ತಾ ದೊಡ್ಡ ಗುಡಿಗೆ ಒಂದು ಸುತ್ತು ಹಾಕುತ್ತಾರೆ. ಮದನಿಕೆಯರನ್ನು ನೋಡಿ ಮುಗಿಸಿ ದಕ್ಷಿಣದ ಚಿಕ್ಕ ಗುಡಿಗೆ ಬರುವ ಹೊತ್ತಿಗೆ ಅರ್ಧ ಮಕ್ಕಳಿಗೆ ಸುಸ್ತಾಗಿರುತ್ತದೆ. ಅಲ್ಲಿ ಗೈಡ್ ವಿಗ್ರಹದ ಹೊಕ್ಕುಳಿನತ್ತ ಕೈ ತೋರಿಸಿ, ‘ಇಲ್ಲೇ ನೋಡಿ, ಕಪ್ಪೆ ಇದ್ದದ್ದು’ ಅನ್ನುತ್ತಾರೆ. ಸುಸ್ತೆಲ್ಲ ಮಾಯ. ಹಿಂದಿದ್ದವರು ಮುಂದಿದ್ದವರ ಹೆಗಲ ಮೇಲಿಂದ ಇಣುಕುತ್ತಾರೆ.

ಕಥೆ ಯಾರಿಗೆ ಗೊತ್ತಿಲ್ಲ? ಜಕಣಾಚಾರಿ ಹೆಂಡತಿಯನ್ನು ಊರಲ್ಲಿ ಬಿಟ್ಟು, ಕಲ್ಲಿನ ಹುಚ್ಚು ಹಿಡಿದು ದೇಶ ಸುತ್ತುತ್ತಾನೆ. ಅವನು ಮುಖವನ್ನೇ ನೋಡದ ಮಗ ಡಂಕಣಾಚಾರಿ ದೊಡ್ಡವನಾಗಿ, ತಂದೆಯನ್ನು ಹುಡುಕುತ್ತಾ ಬೇಲೂರಿಗೆ ಬರುತ್ತಾನೆ. ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷವಿದ್ದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಜಕಣಾಚಾರಿಯ ಶಪಥ. ಮೈಗೆಲ್ಲ ಗಂಧ ಬಳಿದರೆ ಎಲ್ಲ ಕಡೆ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟು ಹೊಡೆದಾಗ ನೀರು, ಮರಳು, ಜೊತೆಗೊಂದು ಕಪ್ಪೆ. ಕೈ ಹೋಗುತ್ತದೆ, ಮಗ ಸಿಗುತ್ತಾನೆ. ಮುಂದೆ ತುಮಕೂರಿನ ಹತ್ತಿರದ ತನ್ನೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತದೆ. ಆ ಊರೇ ಕೈದಾಳ.

ಇಂಥ ಕಥೆಯನ್ನು ಕೇಳಿ, ‘ದಾಖಲೆ ಎಲ್ಲಿದೆ?’ ಎಂದು ಕೇಳುವವನು ರಸಭಂಗ ಮಾಡುವವನಂತೆ ಕಾಣುತ್ತಾನೆ. ಆದರೆ ಬೇಲೂರಿನ ಮಟ್ಟಿಗೆ ಆ ಪ್ರಶ್ನೆ ಕೇಳಿದವರಿಗೆ ಸಿಕ್ಕಿದ್ದು ಕಥೆಗಿಂತ ದೊಡ್ಡ ಗಂಟು.

ಪೀಠದ ಕೆಳಗಿನ ಸಹಿ

ಮದನಿಕೆಯರನ್ನು ನೋಡುವಾಗ ನಮ್ಮ ಕಣ್ಣು ಮುಖ, ಜಡೆ, ಕನ್ನಡಿ, ಗಿಳಿ ಇಂಥವುಗಳ ಮೇಲೆ ನಿಲ್ಲುತ್ತದೆ. ಸ್ವಲ್ಪ ಕೆಳಗೆ, ಅವರ ಕಾಲಡಿಯ ಪೀಠದ ಪಟ್ಟಿ ನೋಡಿದರೆ ಕೆಲವು ಕಡೆ ಹಳಗನ್ನಡದ ಸಣ್ಣ ಅಕ್ಷರಗಳಿವೆ. ಅವು ದಾನದ ಶಾಸನಗಳಲ್ಲ, ದೇವರ ಸ್ತುತಿಯೂ ಅಲ್ಲ. ಆ ಬೊಂಬೆ ಕೆತ್ತಿದವನ ಹೆಸರು. ಶಿಲ್ಪಿಗೆ ಆಗಿನವರು ಬಳಸುತ್ತಿದ್ದ ಮಾತು ‘ರೂವಾರಿ’.

ಬಳ್ಳಿಗಾವೆಯ ದಾಸೋಜ ಎಂದು ಒಂದು ಬರಹ. ದಾಸೋಜನ ಮಗ ಚಾವಣ ಎಂದು ಇನ್ನೊಂದು. ಗದಗಿನ ನಾಗೋಜ, ಚಿಕ್ಕಹಂಪ, ಮಲ್ಲಿಯಣ್ಣ, ಪದರಿ ಮಲ್ಲೋಜ ಹೀಗೆ ಪಟ್ಟಿ ಬೆಳೆಯುತ್ತದೆ. ಹೆಸರಿನ ಜೊತೆ ಕೆಲವರಿಗೆ ಊರು, ಕೆಲವರಿಗೆ ತಂದೆಯ ಹೆಸರು, ಇನ್ನು ಕೆಲವರಿಗೆ ಬಿರುದು.

ಬಿರುದುಗಳನ್ನು ಓದಿದರೆ ನಗು ಬರುತ್ತದೆ. ಚಾವಣ ತನ್ನನ್ನು ಶಿವ ಎಂದು ಕರೆದುಕೊಂಡಿದ್ದಾನೆ. ಬಿರುದು ಹೊತ್ತ ಉಳಿದ ರೂವಾರಿಗಳೆಲ್ಲ ಅವನ ಹಣೆಗಣ್ಣಿಗೆ ಬೂದಿಯಾಗಲಿರುವ ಮನ್ಮಥರು. ಅವನ ಅಪ್ಪ ದಾಸೋಜನೇನೂ ಕಡಿಮೆಯಲ್ಲ, ಎದುರಾಳಿಗಳ ಗುಂಪನ್ನೇ ಬಡಿದಟ್ಟುವವನು. ಮತ್ತೊಬ್ಬ ರೂವಾರಿಗಳಲ್ಲಿ ಹುಲಿ. ಅಕ್ಕಪಕ್ಕ ಕೂತು ಚಾಣ ಹಿಡಿದವರು ಒಬ್ಬರ ಮೇಲೊಬ್ಬರು ತೊಡೆ ತಟ್ಟುತ್ತಾ ಕೆಲಸ ಮಾಡಿದ್ದಾರೆ. ಒಬ್ಬ ಮಹಾಶಿಲ್ಪಿ ಅಪ್ಪಣೆ ಕೊಟ್ಟು, ಉಳಿದವರು ತಲೆತಗ್ಗಿಸಿ ಕಡೆದರೆಂಬ ಚಿತ್ರ ಇಲ್ಲಿ ನಿಲ್ಲುವುದೇ ಇಲ್ಲ.

ಕಥೆಯಲ್ಲಿ ಅಪ್ಪ ಮಗ ಇಬ್ಬರೂ ಶಿಲ್ಪಿಗಳು. ಕಲ್ಲಿನ ಮೇಲೂ ಒಬ್ಬ ಅಪ್ಪ, ಒಬ್ಬ ಮಗ ಇದ್ದಾರೆ. ಆದರೆ ಇವರು ಒಬ್ಬರನ್ನೊಬ್ಬರು ಕಳೆದುಕೊಂಡವರಲ್ಲ. ಮಗ ತನ್ನ ಸಹಿಯಲ್ಲಿ ಅಪ್ಪನ ಹೆಸರನ್ನು ಹೆಮ್ಮೆಯಿಂದ ಕೊರೆದಿದ್ದಾನೆ. ಜಕಣಾಚಾರಿಯ ಹೆಸರು ಮಾತ್ರ ಬೇಲೂರಿನ ಈ ಸಹಿಗಳಲ್ಲಿ ಎಲ್ಲಿಯೂ ಇಲ್ಲ.

ಮೂಲ ಆಕರ ಎಂದರೆ

ಇತಿಹಾಸಕಾರರು ‘ಮೂಲ ಆಕರ’ ಎನ್ನುವುದು ಇದನ್ನೇ: ಘಟನೆ ನಡೆದ ಕಾಲದಲ್ಲಿ, ಅದರಲ್ಲಿ ಪಾಲಿದ್ದವರಿಂದಲೋ ಕಂಡವರಿಂದಲೋ ಹುಟ್ಟಿದ ದಾಖಲೆ. ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪತ್ರ ಯಾವುದೂ ಆಗಬಹುದು. ಬೇಲೂರಿನ ಮುಖ್ಯ ದೇವರನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣ ಎಂಬ ಹೆಸರಿನಲ್ಲಿ ಪ್ರತಿಷ್ಠೆ ಮಾಡಿಸಿದ ಎಂಬುದು ನಮಗೆ ಗೊತ್ತಿರುವುದು ಶಾಸನದಿಂದ. ಕಪ್ಪೆಯ ಕಥೆ ಅಂಟಿಕೊಂಡಿರುವ ಚೆನ್ನಿಗರಾಯನನ್ನು ಮಾಡಿಸಿದವಳು ಪಟ್ಟದರಾಣಿ ಶಾಂತಲಾದೇವಿ ಎಂದು ಆ ವಿಗ್ರಹದ ಪೀಠದ ಬರಹವೇ ಹೇಳುತ್ತದೆ.

ಇನ್ನು ಜಕಣಾಚಾರಿಯ ಕಥೆ? ಬಿ.ಎಲ್. ರೈಸ್ ಅದನ್ನು 1897ರ ಮೈಸೂರು ಗೆಜೆಟಿಯರ್‌ನಲ್ಲಿ ಕೈದಾಳದ ವಿವರದ ಜೊತೆ ಕೊಟ್ಟಿದ್ದಾರೆ. ಗುಡಿ ಎದ್ದು ಅಷ್ಟು ಹೊತ್ತಿಗೆ 780 ವರ್ಷ. ಕಥೆ ಅದಕ್ಕಿಂತ ಬಹಳ ಹಿಂದಿನಿಂದ ಬಾಯಿಂದ ಬಾಯಿಗೆ ಬಂದಿರಬೇಕು, ಅನುಮಾನವಿಲ್ಲ. ಆದರೆ ಬಾಯಿಮಾತಿಗೆ ತಾರೀಖು ಇರುವುದಿಲ್ಲ.

ಕೆಲವು ಪ್ರಶ್ನೆಗಳಿಗೆ ಕೂಡಿಸಿ ಕಳೆಯುವ ಲೆಕ್ಕವೇ ಉತ್ತರ ಕೊಟ್ಟುಬಿಡುತ್ತದೆ. ಹಳೇ ಮೈಸೂರು ಕಡೆ ಸೊಗಸಾದ ಕೆತ್ತನೆಯ ಗುಡಿ ಕಂಡರೆ ಅದು ಜಕಣಾಚಾರಿ ಕಟ್ಟಿದ್ದು ಅನ್ನುವುದು ರೂಢಿ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1113ರ ಸುಮಾರಿನದು. ಅದನ್ನು ಕಟ್ಟಿದವನು ಮಲ್ಲೋಜ ಮಣಿಯೋಜ ಎಂದು ಅಲ್ಲಿನ ಶಾಸನದಲ್ಲಿದೆ. ಸೋಮನಾಥಪುರದ್ದು 1258. ನಡುವೆ 145 ವರ್ಷ. ಎರಡನ್ನೂ ಒಬ್ಬನ ಲೆಕ್ಕಕ್ಕೆ ಬರೆದರೆ ಆ ಒಬ್ಬನಿಗೆ ಚಿರಂಜೀವಿಯ ಆಯುಸ್ಸು ಬೇಕಾಗುತ್ತದೆ.

ಕೈದಾಳದಲ್ಲಿಯೂ ಶಾಸನವಿದೆ. ಅದರ ಕಾಲ 1150ರ ಆಸುಪಾಸು, ಒಂದನೇ ನರಸಿಂಹನ ಆಳ್ವಿಕೆ. ಅಲ್ಲಿ ಗುಡಿಗಳನ್ನು ಕಟ್ಟಿಸಿದವನು ಗೂಳಿ ಬಾಚಿ ಎಂಬ ಸಾಮಂತ. ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಹೀಗೆ ಮೂವರಿಗೂ ಕಟ್ಟಿಸಿದ್ದಾನೆ. ಒಂದೇ ಊರಲ್ಲಿ, ಒಬ್ಬನೇ ಒಡೆಯ, ಮೂರು ಮತದ ದೇಗುಲ: ನನಗೇನೋ ಕಡಿದ ಕೈ ಚಿಗುರಿದ್ದಕ್ಕಿಂತ ಇದೇ ಹೆಚ್ಚಿನ ಅಚ್ಚರಿ. ಆದರೂ ಕೈದಾಳಕ್ಕೆ ಹೋದವರು ಕೇಳಿಕೊಂಡು ಬರುವುದು ಕೈಯ ಕಥೆಯನ್ನು. ಗೂಳಿ ಬಾಚಿಯ ಹೆಸರು ತುಮಕೂರಿನಲ್ಲೇ ಎಷ್ಟು ಜನಕ್ಕೆ ಗೊತ್ತಿದೆಯೋ.

ಒದ್ದೆ ಕಾಗದ, ಬ್ರಷ್ಷು, ಮಸಿ

ಕಲ್ಲಿನ ಮೇಲಿನ ಬರಹ ಪುಸ್ತಕಕ್ಕೆ ಬಂದದ್ದು ಹೇಗೆ? ಬಿಸಿಲು ಮಳೆಗೆ ಸವೆದು, ಎಣ್ಣೆ ಸುಣ್ಣ ಮೆತ್ತಿಕೊಂಡ ಅಕ್ಷರವನ್ನು ಬರಿಗಣ್ಣಿನಿಂದ ಓದಲು ಹೊರಟರೆ ತಪ್ಪು ಖಂಡಿತ. ಅದಕ್ಕೇ ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲನ್ನು ತೊಳೆದು ಅಕ್ಷರದ ಸಂದಿಯ ಮಣ್ಣು ಪಾಚಿ ತೆಗೆಯಬೇಕು. ಮೇಲೆ ಒದ್ದೆ ಮಾಡಿದ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಹದವಾಗಿ ಬಡಿಯಬೇಕು. ಜೋರಾದರೆ ಕಾಗದ ಹರಿಯುತ್ತದೆ, ಮೆತ್ತಗಾದರೆ ಅಕ್ಷರದ ಗುಳಿಗೆ ಇಳಿಯುವುದಿಲ್ಲ. ಕಾಗದ ಅರೆಬರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ತಟ್ಟುತ್ತಾರೆ. ಸುತ್ತಲೂ ಕಪ್ಪಾಗಿ, ಗುಳಿಯಲ್ಲಿ ಕೂತ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಆ ಹಾಳೆಯನ್ನು ಮೇಜಿನ ಮೇಲೆ ಹರವಿಕೊಂಡು, ಎಷ್ಟು ದಿನ ಬೇಕಾದರೂ ಕೂತು ಓದಬಹುದು. ಸಂಶಯ ಬಂದರೆ ಇನ್ನೊಬ್ಬರಿಗೂ ತೋರಿಸಬಹುದು.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡವರು ಅದೇ ರೈಸ್. 1886ರಿಂದ ಶುರುವಾಗಿ ಹನ್ನೆರಡು ಸಂಪುಟಗಳಲ್ಲಿ ಬಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸುಮಾರು 9,000 ಶಾಸನಗಳಿವೆ. ಹಾಸನ ಜಿಲ್ಲೆಗೇ ಒಂದು ಸಂಪುಟ. ಅವರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತವರು ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್. ದಾನಶಾಸನಗಳಿಗೆ ಹೋಲಿಸಿದರೆ ಒಂದು ಗೆರೆಯ ಈ ಸಹಿಗಳು ತೀರಾ ಸಣ್ಣವು. ನರಸಿಂಹಾಚಾರ್ ಅವನ್ನೂ ಬಿಡದೆ ಆರಿಸಿದರು. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿ ಈ ಮೂರು ಗುಡಿಗಳ ಮೇಲೆ 1917 ಮತ್ತು 1919ರಲ್ಲಿ ಅವರು ಹೊರತಂದ ಪುಸ್ತಕಗಳಲ್ಲಿ ರೂವಾರಿಗಳ ಹೆಸರುಗಳು ಮೊದಲ ಸಲ ಒಟ್ಟಾಗಿ ಕೂತವು. ಅದೇ ಆವರಣದಲ್ಲಿ ಶತಮಾನಗಳ ಕಾಲ ಪೂಜೆ ನಡೆದಿದೆ, ಜಾತ್ರೆ ನಡೆದಿದೆ. ದಾಸೋಜನನ್ನು ಮತ್ತೆ ಹೆಸರು ಹಿಡಿದು ಕರೆಯಲು ಒದ್ದೆ ಕಾಗದ ಬೇಕಾಯಿತು.

ಹೆಸರಿನ ಜೊತೆ ಊರು ಸಿಕ್ಕಿದ್ದು ಸಣ್ಣ ಲಾಭವಲ್ಲ. ಬಳ್ಳಿಗಾವೆ, ಗದಗು ಇವೆಲ್ಲ ಆಗ ಕಲ್ಯಾಣ ಚಾಲುಕ್ಯರ ಸೀಮೆ. ಅಲ್ಲಿ ಪಳಗಿದ ಕೈಗಳು ಕೆಲಸ ಹುಡುಕಿಕೊಂಡು ಹೊಯ್ಸಳರ ನಾಡಿಗೆ ಇಳಿದಿವೆ. ಹೊಯ್ಸಳ ಗುಡಿಗಳ ಬಳಪದ ಕಲ್ಲು, ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳು, ಇವೆಲ್ಲದರ ಬೇರು ಎಲ್ಲಿದೆ ಎಂದು ಹೇಳಲು ಕಲಾ ಇತಿಹಾಸಕಾರರಿಗೆ ಈ ಊರುಗಳ ಹೆಸರು ಬಲವಾದ ಸಾಕ್ಷಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಹಿರಿಮೆಯನ್ನು ಜಗತ್ತಿಗೆ ವಿವರಿಸುವಾಗ ಈ ಸಹಿಗಳು ಕೆಲಸಕ್ಕೆ ಬರುತ್ತವೆ, ಕಪ್ಪೆ ಬರುವುದಿಲ್ಲ.

ಶಾಸನವನ್ನೂ ನಂಬುವಂತಿಲ್ಲ

ಹಾಗೆಂದು ಕಲ್ಲಿನ ಮೇಲಿದ್ದದ್ದೆಲ್ಲ ನಿಜವೇ? ಚಾವಣ ಶಿವನಲ್ಲ ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ರಾಜರ ಹೊಗಳಿಕೆಯೂ ಇದೇ ಜಾತಿಯದು. ಹೊಗಳುಭಟ್ಟ ಕವಿ ತನ್ನ ದೊರೆಯಿಂದ ಹತ್ತು ರಾಜ್ಯ ಗೆಲ್ಲಿಸಿದ್ದರೆ, ಸೋತವರ ಕಡೆಯ ಶಾಸನ ಏನು ಹೇಳುತ್ತದೆ ಎಂದು ನೋಡಿಯೇ ನಂಬಬೇಕು.

ಶುದ್ಧ ನಕಲಿಗಳೂ ಇವೆ. ಮಹಾಭಾರತದ ಜನಮೇಜಯನೇ ದಾನ ಕೊಟ್ಟದ್ದೆಂದು ಹೇಳಿಕೊಳ್ಳುವ ತಾಮ್ರಪಟಗಳು ಶಿವಮೊಗ್ಗ ಸೀಮೆಯಲ್ಲಿ ಸಿಕ್ಕಿವೆ. ಲಿಪಿ ನೋಡಿದರೆ ಮಧ್ಯಕಾಲದ್ದು! ಗಂಗರ ಹೆಸರಿನ ತಾಮ್ರಪಟಗಳಲ್ಲಿ ಎಷ್ಟು ಅಸಲಿ ಎಂಬುದರ ಮೇಲೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರಿಗೂ ರೈಸ್ ಅವರಿಗೂ ದೊಡ್ಡ ವಾಗ್ವಾದವೇ ನಡೆದಿತ್ತು. ಇಂಥ ಕೂಟಶಾಸನ ಹುಟ್ಟುವುದಕ್ಕೆ ಕಾರಣ ಹೆಚ್ಚಾಗಿ ಜಮೀನು. ಉಂಬಳಿಗೆ ಹಳೆಯ ಪತ್ರವಿದ್ದರೆ ಹಕ್ಕು ಗಟ್ಟಿ, ಎಷ್ಟು ಹಳೆಯದೋ ಅಷ್ಟು ಗಟ್ಟಿ. ಇವತ್ತಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಸಲಿ ನಕಲಿ ಬೇರ್ಪಡಿಸಲು ಲಿಪಿಯ ತಿರುವು, ಭಾಷೆ, ದಾನ ಕೊಟ್ಟವನ ವಂಶಾವಳಿ ಎಲ್ಲವನ್ನೂ ಒರೆಗೆ ಹಚ್ಚುತ್ತಾರೆ. ತಾರೀಖಿನ ಪರೀಕ್ಷೆ ಬಲು ಮೋಜಿನದು. ಶಕವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಈಗಿನ ಇಸವಿ ಸಿಗುತ್ತದೆ. ಜೊತೆಗೆ ಶಾಸನದಲ್ಲಿ ಸಂವತ್ಸರದ ಹೆಸರೂ ಇರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರಬೇಕು. ಬೇಲೂರಿನ ಪ್ರತಿಷ್ಠೆ ಶಕ 1039, ಹೇವಿಳಂಬಿ ಸಂವತ್ಸರ. 2017ರ ಯುಗಾದಿಗೆ ನಮ್ಮ ಮನೆಯ ಗೋಡೆಗೆ ಬಂದ ಪಂಚಾಂಗದಲ್ಲಿ ಇದ್ದದ್ದೂ ಹೇವಿಳಂಬಿಯೇ. 2017ರಿಂದ 1117 ಕಳೆದರೆ 900, ಅಂದರೆ ಸರಿಯಾಗಿ ಹದಿನೈದು ಸುತ್ತು. ತಿಥಿ, ವಾರವೂ ಹೀಗೆ ಕೂಡಿ ಬಂದರೆ ದಾಖಲೆಯ ಮೇಲೆ ಭರವಸೆ ಬಲಿಯುತ್ತದೆ. ಸುಳ್ಳು ತಾಮ್ರಪಟ ಬರೆಸಿದವನು ಹಿಂದಿನ ಶತಮಾನದ ವಾರವನ್ನು ಲೆಕ್ಕ ಹಾಕಿ ಸರಿಯಾಗಿ ಕೂಡಿಸುವುದು ಕಷ್ಟ.

ಶಿವಗಂಗೆಯಲ್ಲಿ ಏನಾಯಿತು?

ಶಾಂತಲೆಯ ಸಾವಿನ ವಿಷಯ ಬೇರೆಯೇ ಥರದ್ದು. ಶಿವಗಂಗೆ ಬೆಟ್ಟ ಹತ್ತಿದವರಿಗೆ ‘ಶಾಂತಲಾ ಡ್ರಾಪ್’ ತೋರಿಸುತ್ತಾರೆ. ಮಕ್ಕಳಿಲ್ಲದ ಕೊರಗಿನಲ್ಲಿ ರಾಣಿ ಅಲ್ಲಿಂದ ಹಾರಿದಳಂತೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಓದಿದ ತಲೆಮಾರಿಗಂತೂ ಅವಳ ದುಃಖ ಮನೆಮಗಳ ದುಃಖ.

ಇಲ್ಲಿ ದಾಖಲೆ ಇದೆ. ಶ್ರವಣಬೆಳಗೊಳದ ಶಾಸನವೊಂದರ ಪ್ರಕಾರ 1131ರಲ್ಲಿ ಶಾಂತಲಾದೇವಿ ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಜೈನ ವಿಧಿಯಂತೆ ಸಲ್ಲೇಖನ ಕೈಗೊಂಡು ಪ್ರಾಣ ಬಿಟ್ಟಳು. ಜನರ ಬಾಯಲ್ಲಿದ್ದ ಊರು ಸರಿಯಾಗಿಯೇ ಇತ್ತು. ಆದರೆ ರಾಣಿ ಹೇಗೆ ಸತ್ತಳೆಂದು ಶಾಸನ ಹೇಳುವುದಿಲ್ಲ. ಬೆಟ್ಟದಿಂದ ಹಾರಿದ ಮಾತಿಲ್ಲ, ಮಕ್ಕಳಿಲ್ಲದ ಕೊರಗಿನ ಮಾತಿಲ್ಲ. ಅವಳೂ ತಾಯಿಯಂತೆ ಸಲ್ಲೇಖನ ಮಾಡಿರಬಹುದು ಎನ್ನುವವರಿದ್ದಾರೆ, ಕಾಯಿಲೆಯಿಂದಲೂ ಹೋಗಿರಬಹುದು. ಶಾಸನ ಬಾಯಿ ಮುಚ್ಚಿದ ಕಡೆ ನಾವು ಬಾಯಿ ಹಾಕಿದರೆ ಅದು ಕಾದಂಬರಿ. ಕಾದಂಬರಿ ತಪ್ಪಲ್ಲ, ಆದರೆ ಅದಕ್ಕೆ ಬೆಟ್ಟದ ಮೇಲೆ ಬೋರ್ಡು ಹಾಕುವಾಗ ಎಚ್ಚರ ಬೇಕು.

ಅವಳ ಗಂಡನ ಬಗೆಗಿನ ಕಥೆಯೂ ಹೀಗೇ. ರಾಮಾನುಜರಿಂದ ವೈಷ್ಣವನಾದ ಮೇಲೆ ವಿಷ್ಣುವರ್ಧನ ಜೈನರನ್ನು ಗಾಣಕ್ಕೆ ಹಾಕಿಸಿದ ಎಂಬ ಮಾತು ಬಹಳ ಕಾಲ ಓಡಾಡಿದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನ ಬೇರೆಯದನ್ನೇ ತೋರಿಸುತ್ತದೆ. ಬಸದಿಯ ಪ್ರತಿಷ್ಠೆಯ ಪ್ರಸಾದವನ್ನು ರಾಜ ಭಕ್ತಿಯಿಂದ ಸ್ವೀಕರಿಸುತ್ತಾನೆ. ಯುದ್ಧದಲ್ಲಿ ಗೆಲುವು, ಮನೆಯಲ್ಲಿ ಗಂಡುಮಗು ಎರಡೂ ಆಗಲೇ ಒದಗಿದ್ದರಿಂದ ದೇವರಿಗೆ ವಿಜಯಪಾರ್ಶ್ವ, ಮಗುವಿಗೆ ವಿಜಯನರಸಿಂಹ ಎಂದು ಹೆಸರಿಡುತ್ತಾನೆ. ಗಾಣ ಆಡಿಸುತ್ತಿದ್ದವನ ನಡತೆ ಇದಲ್ಲ.

ಒಬ್ಬನೇ ಯಾಕೆ ಬೇಕಾಯಿತು

ಮತ್ತೆ ರೂವಾರಿಗಳ ವಿಷಯ. ಇಷ್ಟು ಹೆಸರುಗಳು ಕಣ್ಣೆದುರೇ ಇದ್ದರೂ ಜನ ಹೆಸರಿಲ್ಲದ ಒಬ್ಬನನ್ನು ಯಾಕೆ ಹಿಡಿದರು? ಒಂದು ಕಾರಣ ಸರಳ: ಅಕ್ಷರದ ಆಕಾರ ಬದಲಾಯಿತು. ಹೊಯ್ಸಳರ ಕಾಲದ ಲಿಪಿ ಮೂರ್ನಾಲ್ಕು ಶತಮಾನ ಕಳೆಯುವುದರೊಳಗೆ ಸಾಮಾನ್ಯ ಓದುಗನ ಕೈ ಮೀರಿತು. ಸಹಿ ಓದಲು ಬಾರದಿದ್ದಾಗ ‘ಇದನ್ನು ಮಾಡಿದವರಾರು’ ಎಂಬ ಮಗುವಿನ ಪ್ರಶ್ನೆಗೆ ಉತ್ತರ ಕಟ್ಟಿಕೊಳ್ಳಬೇಕಾಯಿತು. ಹತ್ತಾರು ಜನರ ಕೆಲಸಕ್ಕೆ ಕಥೆ ಕಟ್ಟುವುದು ಕಷ್ಟ, ಒಬ್ಬನ ದುರಂತಕ್ಕೆ ಸುಲಭ. ಶಿಲ್ಪಿ ಮನೆತನಗಳಿಗೂ ಒಬ್ಬ ಮೂಲಪುರುಷ ಬೇಕಿದ್ದಿರಬಹುದು.

ಸಿನಿಮಾ ಅದಕ್ಕೆ ಬಣ್ಣ ಹಚ್ಚಿತು, ಅಕ್ಷರಶಃ. 1964ರಲ್ಲಿ ಬಿ.ಎಸ್. ರಂಗಾ ತೆಗೆದ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ. ಕಲ್ಯಾಣ್‌ಕುಮಾರ್ ಮುಖವೇ ಜಕಣಾಚಾರಿಯ ಮುಖವಾಯಿತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡುವ ದೊಡ್ಡ ಗೌರವಕ್ಕೂ ಇದೇ ಹೆಸರು. ಬೇಡವೆನ್ನಲು ನನಗೆ ಮನಸ್ಸಿಲ್ಲ. ಇಂದಿಗೂ ಉಳಿ ಹಿಡಿದು ಬದುಕುವವರು ಆ ಹೆಸರನ್ನು ತಮ್ಮವನದೆಂದು ಹಚ್ಚಿಕೊಂಡಿದ್ದಾರೆ. ಅಷ್ಟಕ್ಕೂ ಸಹಿ ಹಾಕದ ಶಿಲ್ಪಿಗಳೂ ಇದ್ದರು. ಅವರಲ್ಲಿ ಒಬ್ಬ ಜಕಣ ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಲು ಯಾವ ಶಾಸನವೂ ನೆರವಾಗದು. ಆದರೆ ದಾಸೋಜನ ಹೆಸರಿನಲ್ಲಿ ಬಳ್ಳಿಗಾವೆಯಲ್ಲೊಂದು, ನಾಗೋಜನ ಹೆಸರಿನಲ್ಲಿ ಗದಗಿನಲ್ಲೊಂದು ಶಿಲ್ಪಶಾಲೆಯಿದ್ದರೆ ಜಕಣಾಚಾರಿಗೇನೂ ಕೊರತೆಯಾಗುತ್ತಿರಲಿಲ್ಲ.

ಮಲ್ಲಿತಮ್ಮ ಒಬ್ಬನೋ ಇಬ್ಬರೋ

ಸಹಿಗಳು ಎಲ್ಲ ಗಂಟನ್ನೂ ಬಿಚ್ಚುವುದಿಲ್ಲ, ಹೊಸ ಗಂಟೂ ಹಾಕುತ್ತವೆ. ಸೋಮನಾಥಪುರದ ಹೊರಗೋಡೆಯ ದೊಡ್ಡ ವಿಗ್ರಹಗಳನ್ನು ನರಸಿಂಹಾಚಾರ್ ಎಣಿಸಿದಾಗ 194 ಸಿಕ್ಕವು. ಅವುಗಳಲ್ಲಿ 40ರ ಕೆಳಗೆ ಒಬ್ಬನದೇ ಹೆಸರು: ಮಲ್ಲಿತಮ್ಮ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ‘ಮಲ್ಲಿ’, ಇನ್ನು ಕೆಲವು ಕಡೆ ಬರೀ ‘ಮ’. ಕೆಲಸದ ಲೆಕ್ಕಕ್ಕೆ ಹಾಕಿಕೊಂಡ ಗುರುತೋ, ಅಷ್ಟು ಹೊತ್ತಿಗೆ ‘ಮ’ ಎಂದರೆ ಸಾಕು ಎಂಬಷ್ಟು ಹೆಸರುವಾಸಿಯಾಗಿದ್ದನೋ. ಅವನ ಜೊತೆಗೆ ಬಾಲೆಯ, ಚೌಡೆಯ, ಮಸಣಿತಮ್ಮ ಮೊದಲಾದವರೂ ಗೋಡೆ ಹಂಚಿಕೊಂಡಿದ್ದಾರೆ.

ಇದೇ ಮಲ್ಲಿತಮ್ಮ ನುಗ್ಗೇಹಳ್ಳಿಯ 1246ರ ಗುಡಿಯಲ್ಲಿಯೂ ಇದ್ದಾನೆ. ಅಲ್ಲಿ ಉತ್ತರದ ಕಡೆ ಅವನದು, ದಕ್ಷಿಣದ ಕಡೆ ನಂದಿಯ ಬೈಚೋಜನದು. ಗುಡಿಯ ಸುತ್ತ ನಡೆಯುತ್ತಾ ಎರಡು ಕೈಗಳ ಹದ ಹೋಲಿಸಿ ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ತೊಡಕು ಇರುವುದು ತರೀಕೆರೆ ಹತ್ತಿರದ ಅಮೃತಾಪುರದಲ್ಲಿ. 1196ರ ಆ ಗುಡಿಯಲ್ಲಿಯೂ ಮಲ್ಲಿತಮ್ಮನ ಹೆಸರಿದೆ. ಅಲ್ಲಿಂದ ಸೋಮನಾಥಪುರದ 1258ಕ್ಕೆ 62 ವರ್ಷ.

ಹದಿನೆಂಟರ ಹುಡುಗ ಅಮೃತಾಪುರದಲ್ಲಿ ಉಳಿ ಹಿಡಿದಿದ್ದರೆ ಸೋಮನಾಥಪುರದ ಹೊತ್ತಿಗೆ ಅವನಿಗೆ ಎಂಬತ್ತು. ಆ ವಯಸ್ಸಿನಲ್ಲಿ 40 ವಿಗ್ರಹ? ಕೈಕೆಳಗೆ ಶಿಷ್ಯರಿದ್ದು, ಕೊನೆಯ ಏಟು ಮಾತ್ರ ಅವನದಾಗಿದ್ದರೆ ಆಗಬಹುದು. ಇಲ್ಲವೇ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಂತೆ ಇಬ್ಬರು ಮಲ್ಲಿತಮ್ಮರಿರಬಹುದು. ಅಮೃತಾಪುರದ ಅಕ್ಷರಗಳ ಪಡಿಯಚ್ಚನ್ನೂ ಸೋಮನಾಥಪುರದ ಆ ‘ಮ’ವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ತಾಳ್ಮೆಯುಳ್ಳ ಒಬ್ಬ ವಿದ್ಯಾರ್ಥಿ ಬೇಕು.